ಜಯಪುರದ ಏರು ಮತ್ತು ನಮ್ಮ ಡ್ರೈವರ್ರು

“ಅರ್ಜಿ ಮಾವ, ಡ್ರೈವರ್ರು ಹೋದ್ರು.”

ಕಳೆದ ವಾರ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಹೀಗೆ ಹೇಳಿದವಳು ಆ ಡ್ರೈವರರ ಸ್ವಂತ ಮಗಳು. ನಲವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ. ಹೆತ್ತ ತಂದೆ ತೀರಿಕೊಂಡದ್ದನ್ನು ಹೀಗೂ ಹೇಳುತ್ತಾರೆಯೇ ಎಂದು ಹೊಸಬರಿಗೆ ಅನ್ನಿಸೀತು. ಕೊಪ್ಪದಲ್ಲಿ ಯಾರಿಗೂ ಅದು ವಿಚಿತ್ರವಲ್ಲ, ಮೂರು ವರ್ಷದ ಕೂಸಾಗಿದ್ದಾಗಿನಿಂದ ಅವಳು ಅಪ್ಪನನ್ನು ಕರೆದದ್ದೇ ಹಾಗೆ. ಹಾಗೆ ಕರೆಯುವಂತಾಗಲು ಕಾರಣ ನಾನು. ಅದನ್ನು ಇಷ್ಟು ವರ್ಷ ಅವಳಿಗೆ ಹೇಳಿರಲಿಲ್ಲ, ಅಷ್ಟೆ.

ಮರಣದ ಸರ್ಟಿಫಿಕೇಟಿಗೆ ಅರ್ಜಿ ಬರೆಸಿಕೊಳ್ಳಲು ಬಂದಿದ್ದಳು. ಆಗಲೇ ಬರೆಯಲು ನನ್ನಿಂದಾಗಲಿಲ್ಲ. “ನಾಡಿದ್ದು ಬಾರೇ, ಬರೆದುಕೊಡ್ತೀನಿ” ಎಂದು ಕಳಿಸಿದೆ. ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಯವರು “ಎಂತ ಆಯ್ತು ನಿಮಗೆ, ಒಳಗೆ ಹೊರಗೆ ಅಂತ” ಎಂದು ಎರಡು ಸಲ ಕೇಳಿದರು. ನಾನು ಮೊದಲಿನಿಂದಲೂ ಹೀಗೆಯೇ. ತಾಳ್ಮೆಯೆಂಬುದನ್ನು ದೇವರು ನನಗೆ ಕೊಡಲಿಲ್ಲ. ಆ ಕೊರತೆಯೇ ಈ ಕಥೆಗೆಲ್ಲ ಮೂಲವಾದ್ದರಿಂದ ಮೊದಲೇ ಹೇಳಿಬಿಟ್ಟೆ.

ಡ್ರೈವರರ ಹೆಸರನ್ನು ನನ್ನಷ್ಟು ಸಲ ಬರೆದವರು ಇನ್ನೊಬ್ಬರಿಲ್ಲ. ಇಲ್ಲಿ ಮಾತ್ರ ಬರೆಯುವುದಿಲ್ಲ. ಊರು ಆ ಹೆಸರನ್ನು ಬಳಸಲೇ ಇಲ್ಲ, ಈಗ ನಾನೊಬ್ಬ ಬಳಸಿದರೆ ಬೇರೆ ಯಾರದೋ ಸುದ್ದಿ ಹೇಳಿದಂತಾಗುತ್ತದೆ.

ಯುದ್ಧದ ಕಾಲ. ನಾನು ಕೊಪ್ಪದ ತಾಲ್ಲೂಕು ಕಚೇರಿಯ ಎದುರು ಒಂದು ಡೆಸ್ಕು, ಒಂದು ಮಸಿಕುಡಿಕೆ ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದೆ. ಡ್ರೈವರರು ಘಟ್ಟದ ಕೆಳಗಿನಿಂದ ಬಂದವರು. ಆಗುಂಬೆ ಹತ್ತಿ, ಬೇಗಾರ್, ಶೃಂಗೇರಿ ದಾಟಿ ಕೊಪ್ಪಕ್ಕೆ ಬರುವುದೆಂದರೆ ಈಗ ಒಂದು ಹೊತ್ತಿನ ಪ್ರಯಾಣ. ಆಗ ಅದು ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಬಂದಂತೆ. ಕೆಳಗೆ ಬ್ರಿಟಿಷರ ಮದರಾಸು ಪ್ರಾಂತ್ಯ, ಮೇಲೆ ಮಹಾರಾಜರ ಮೈಸೂರು. ಕೆಳಗೆ ಹನ್ನೊಂದು ವರ್ಷ ಲಾರಿ ಓಡಿಸಿದ್ದರು. ಧಣಿಗಳ ಲಾರಿಗಳನ್ನು ಸರ್ಕಾರ ಯುದ್ಧಕ್ಕೆಂದು ತೆಗೆದುಕೊಂಡ ಮೇಲೆ ಕೆಲಸ ಹೋಯಿತು. ನಮ್ಮ ಬಸ್ಸಿನ ಸಾಹುಕಾರರಿಗೆ ಡ್ರೈವರು ಬೇಕಾಗಿದ್ದ. ಹೆಂಡತಿಯನ್ನೂ ಮಗಳನ್ನೂ ಹೆಂಡತಿಯ ಅಣ್ಣನ ಮನೆಯಲ್ಲಿ ಬಿಟ್ಟು ಬಂದರು.

ನನ್ನ ಡೆಸ್ಕಿನ ಮುಂದೆ ಮೊದಲ ದಿನ ಅವರು ಕೂರಲಿಲ್ಲ. ಬೆಂಚು ತೋರಿಸಿದೆ. “ನಿಂತೇ ಹೇಳ್ತೇನೆ ಮಾರಾಯ್ರೆ” ಎಂದರು. ಬಟ್ಟೆಯ ರಟ್ಟಿನ ಪುಟ್ಟ ಪುಸ್ತಕವನ್ನು ಜೇಬಿನಿಂದ ತೆಗೆದು ಎರಡು ಕೈಯಲ್ಲಿ ಕೊಟ್ಟರು. ಮದರಾಸು ಕಡೆಯ ಲೈಸೆನ್ಸು.

“ಇದನ್ನು ಇಲ್ಲಿಯ ಲೈಸೆನ್ಸು ಮಾಡಿ ಕೊಡ್ಲಿಕ್ಕೆ ಅರ್ಜಿ ಬರೀಬೇಕು. ಎಷ್ಟು ದಿವಸ ಆಗ್ತದೆ?”

“ಹದಿನೈದು ದಿನ ಆಗಬಹುದು” ಎಂದೆ. ನನಗೇನು ಗೊತ್ತು. ಅಂಥ ಅರ್ಜಿ ನಾನು ಬರೆದದ್ದೇ ಮೊದಲು.

ಹಳೆಯ ಪುಸ್ತಕದ ಮೇಲೇ ಅವರು ಬಸ್ಸು ಓಡಿಸುತ್ತಿದ್ದರು, ಜಿಲ್ಲಾ ಕಚೇರಿಯಿಂದ ಉತ್ತರ ಬಂದದ್ದು ಒಂದೂವರೆ ತಿಂಗಳಿಗೆ. ಆ ಪುಸ್ತಕ ಈ ಸಂಸ್ಥಾನದಲ್ಲಿ ನಡೆಯುವುದಿಲ್ಲ, ಹೊಸಬರಂತೆ ಕಲಿಯುವವರ ಪರವಾನಗಿ ತೆಗೆದುಕೊಳ್ಳಬೇಕು, ಇನ್‌ಸ್ಪೆಕ್ಟರು ತಾಲ್ಲೂಕು ಸುತ್ತುವ ಸರ್ಕೀಟಿಗೆ ಬಂದಾಗ ಪರೀಕ್ಷೆ ಕೊಡಬೇಕು, ಅಲ್ಲಿಯವರೆಗೆ ಲೈಸೆನ್ಸು ಇದ್ದವನೊಬ್ಬ ಪಕ್ಕದಲ್ಲಿ ಕೂತಿರಬೇಕು. ಇದನ್ನು ಓದಿ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಹನ್ನೊಂದು ವರ್ಷ ಘಾಟಿಯಲ್ಲಿ ಲಾರಿ ಇಳಿಸಿದ ಮನುಷ್ಯ ಕಲಿಯುವವರಾಗಿಬಿಟ್ಟರು.

“ಕಲಿಯುವವನು ಅಂತ ಬರೀಲೇಬೇಕಾ?” ಎಂದು ಕೇಳಿದರು.

“ಬರೀಲೇಬೇಕು.”

“ಹಾಗಾದ್ರೆ ಬರೀರಿ. ಸಣ್ಣ ಅಕ್ಷರದಲ್ಲಿ ಬರೀರಿ.”

ಅದಕ್ಕೆ ಇನ್ನೊಂದು ತೊಡಕು. ಅರ್ಜಿದಾರನನ್ನು ಮೂರು ವರ್ಷದಿಂದ ಬಲ್ಲ ಊರಿನ ಇಬ್ಬರು ಗೃಹಸ್ಥರು ಸಹಿ ಹಾಕಬೇಕು. ಅವರು ಬಂದು ಮೂರು ತಿಂಗಳೂ ಆಗಿರಲಿಲ್ಲ. ಒಂದು ಸಹಿ ನಾನು ಹಾಕುತ್ತೇನೆ, ಮೂರು ವರ್ಷ ಎಂದು ಬರೆದರೆ ಯಾರು ನೋಡುತ್ತಾರೆ ಎಂದೆ. ಅವರು ಒಪ್ಪಲೇ ಇಲ್ಲ. “ಸುಳ್ಳು ಬರೆದ ಕಾಗದ ಜೇಬಲ್ಲಿ ಇಟ್ಟುಕೊಂಡು ಘಾಟಿ ಇಳೀಲಿಕ್ಕೆ ನನ್ನಿಂದ ಆಗುದಿಲ್ಲ.” ಆಗ ಬಾಳೆಹೊನ್ನೂರು ಕಡೆಯಿಂದ ಬಂದು ನಮ್ಮ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಶೆಟ್ಟರು ಸಿಕ್ಕಿದರು. ಹಣೆಯ ತುಂಬ ವಿಭೂತಿ, ಕುತ್ತಿಗೆಯಲ್ಲಿ ಇಷ್ಟಲಿಂಗದ ಕರಡಿಗೆ, ಸಾವಧಾನದ ಮನುಷ್ಯ. ಅವರೆಂದರು, “ಬರಕೋ ಮಾರಾಯ. ಇವರ ಬಸ್ಸಲ್ಲಿ ನಾನು ನಾಲ್ಕು ಸಲ ಹೋಗಿದೀನಿ, ನಾಲ್ಕು ಸಲವೂ ಜೀವಸಹಿತ ಇಳಿದಿದೀನಿ. ಇದಕ್ಕಿಂತ ಹೆಚ್ಚು ಪರಿಚಯ ಎಂತಕ್ಕೆ ಬೇಕು?” ನಾನು ಹಾಗೆಯೇ ಇಂಗ್ಲಿಷಿನಲ್ಲಿ ಬರೆದೆ, ಕೆಳಗೆ ಶೆಟ್ಟರೂ ನಾನೂ ಸಹಿ ಹಾಕಿದೆವು. ಕಚೇರಿಯವರು ಅದನ್ನು ಒಪ್ಪಿದರು. ಆ ಕಾಗದ ಓದಿದ ಗುಮಾಸ್ತನಿಗೂ ನಮ್ಮ ಕಡೆಯ ಬಸ್ಸಿನ ಅನುಭವ ಇದ್ದಿರಬೇಕು.

ಡ್ರೈವರರ ಚಾಳಿಗಳನ್ನು ಎಷ್ಟು ಹೇಳಿದರೂ ಮುಗಿಯುವುದಿಲ್ಲ. ಬಸ್ಸು ಹತ್ತುವ ಮೊದಲು ಸುತ್ತ ಒಂದು ಪ್ರದಕ್ಷಿಣೆ ಬಂದು ಪ್ರತಿ ಚಕ್ರಕ್ಕೂ ಅಂಗೈಯಿಂದ ಬಡಿದು ಸದ್ದು ಕೇಳುತ್ತಿದ್ದರು. ಚಪ್ಪಲಿ ಕಳಚಿ ಬರಿಗಾಲಲ್ಲೇ ಓಡಿಸುತ್ತಿದ್ದರು. ಹೋಟೆಲಿನಲ್ಲಿ ಕಾಫಿ ಕುಡಿಯುವಾಗಲೂ ಬಲಗಾಲು ನೆಲವನ್ನು ಒತ್ತುತ್ತಿತ್ತು, ಎಡಗೈ ಮೊಣಕಾಲ ಪಕ್ಕದಲ್ಲಿ ಇಲ್ಲದ ಗೇರು ಬದಲಿಸುತ್ತಿತ್ತು. “ಬ್ರೇಕು ನಂಬಿ ಇಳೀಬಾರದು, ಗೇರು ನಂಬಿ ಇಳೀಬೇಕು” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ನಮ್ಮ ಬಸ್ಸಿಗೆ ಕನ್ನಡಿ ಇರಲಿಲ್ಲ. ತಮ್ಮ ಕ್ಷೌರದ ಕನ್ನಡಿಯನ್ನೇ ತಂತಿಯಿಂದ ಬಿಗಿದು, ಹಿಂದೆ ಕೂತವರೂ ರಸ್ತೆಯೂ ಕಾಣುವಂತೆ ಮಾಡಿಕೊಂಡಿದ್ದರು. ಕಣ್ಣು ಘಳಿಗೆಗೊಮ್ಮೆ ಅಲ್ಲಿಗೆ ಹೋಗುತ್ತಿತ್ತು. ಆಮೇಲೆ ಗಡ್ಡ ಎಲ್ಲಿ ಕೆರೆದುಕೊಳ್ಳುತ್ತೀರಿ ಎಂದು ಕೇಳಿದರೆ, “ಬಸ್ಸಿನಲ್ಲೇ” ಎಂದರು. ನಿಜವೇ, ಬೆಳಿಗ್ಗೆ ಹೊರಡುವ ಮೊದಲು ಸೀಟಿನ ಮೇಲೆ ಕೂತು ಕ್ಷೌರ ಮಾಡಿಕೊಳ್ಳುತ್ತಿದ್ದರು.

ಆ ಬಸ್ಸು ಇದ್ದಲಿನದು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಆ ಗ್ಯಾಸಿನಿಂದ ಓಡಿಸುವುದು. ನರಸಿಂಹರಾಜಪುರದಲ್ಲಿ ಚಿಕ್ಕ ರೈಲಿಳಿದ ಜನರನ್ನು ತುಂಬಿಕೊಂಡು ಕೊಪ್ಪಕ್ಕೆ, ಕೊಪ್ಪದಿಂದ ಜಯಪುರಕ್ಕೆ. ಮಟ್ಟದ ರಸ್ತೆಯ ಮೇಲೆ ಹೇಗೋ ಹೋಗುತ್ತಿತ್ತು. ಏರು ಬಂತೆಂದರೆ ಎಂಜಿನ್ನಿನ ಸ್ವರ ಇಳಿಯುವುದು, ಗಂಡಸರೆಲ್ಲ ಇಳಿದು ತಳ್ಳುವುದು. ಮೊದಮೊದಲು ಕ್ಲೀನರು ಕೂಗಿ ಹೇಳಬೇಕಾಗಿತ್ತು. ಆರು ತಿಂಗಳಲ್ಲಿ ಅದು ನಮ್ಮ ಮೈಗೇ ಬಂದುಬಿಟ್ಟಿತು. ಸ್ವರ ಇಳಿದ ಕೂಡಲೇ ಕಾಲು ತಾನಾಗಿ ಏಳುತ್ತಿತ್ತು. ಮದುವೆ ಮಾತುಕತೆಯನ್ನು ಸೀಟಿನಲ್ಲಿ ಶುರುಮಾಡಿ, ತಳ್ಳುತ್ತಲೇ ಮುಂದುವರಿಸಿ, ಮತ್ತೆ ಹತ್ತಿ ಕೂತು ಮುಗಿಸಿದವರನ್ನು ನಾನು ಕಂಡಿದ್ದೇನೆ.

ಇದೆಲ್ಲದರ ನಡುವೆ ಅವರ ಜೀವ ಒಂದೇ ಕಡೆ ತೂಗುತ್ತಿತ್ತು. ಬಸ್ಸಿನ ಷೆಡ್ಡಿನ ಹಿಂದೆ ಎರಡು ಕೋಣೆಯ ಮನೆಯಿತ್ತು. ಲೈಸೆನ್ಸು ಕೈಗೆ ಬಂದರೆ ಆ ಮನೆ ನಿಮಗೆ ಎಂದು ಸಾಹುಕಾರರು ಹೇಳಿದ್ದರು. ಹೆಂಡತಿ ಮಗಳನ್ನು ಕರೆತರಲು ಅಷ್ಟೇ ಬಾಕಿ. ನಡುವೆ ಹೋಗಿ ನೋಡಿಕೊಂಡಾದರೂ ಬನ್ನಿ ಎಂದರೆ ತಲೆಯಾಡಿಸುತ್ತಿದ್ದರು. ಹೊರಡುವಾಗ ಹೆಂಡತಿಯ ಅಣ್ಣ, “ಆ ರಾಜ್ಯದಲ್ಲಿ ನಿಮ್ಮನ್ನು ಯಾರು ಕೇಳ್ತಾರೆ, ನಾಲ್ಕು ದಿವಸಕ್ಕೆ ವಾಪಸು ಬರ್ತೀರಿ” ಎಂದಿದ್ದನಂತೆ. ಲೈಸೆನ್ಸು ಹಿಡಿದೇ ನಿನ್ನ ಹೊಸ್ತಿಲು ತುಳಿಯುತ್ತೇನೆ ಎಂದು ಇವರು ಹೇಳಿ ಬಂದಿದ್ದರು. ಕೆಟ್ಟ ಹಟ. ಹಾಗೆಂದು ನಾನು ಮುಖಕ್ಕೇ ಹೇಳಿದ್ದೆ. “ಹಟ ಅಲ್ಲ, ಮಾತು” ಎಂದರು. ಅವರ ಕಾಗದಗಳನ್ನೂ ನಾನೇ ಬರೆಯುತ್ತಿದ್ದೆ. ಪ್ರತಿ ಕಾಗದದ ಕೊನೆಯ ಸಾಲು ಒಂದೇ: ಮಗಳು ನನ್ನನ್ನು ಕೇಳುತ್ತಾಳಾ?

ಇನ್‌ಸ್ಪೆಕ್ಟರು ಬಂದದ್ದು ಮೇ ತಿಂಗಳ ಕೊನೆಗೆ. ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡು, ಮರುದಿನ ಬೆಳಿಗ್ಗೆ ಜಯಪುರದ ಬಸ್ಸನ್ನೇ ಪರೀಕ್ಷೆಗೆ ತೆಗೆದುಕೊಂಡರು. ಜನ ತುಂಬಿದ ಬಸ್ಸು ಓಡಿಸುವವನನ್ನು ಜನ ತುಂಬಿದ ಬಸ್ಸಿನಲ್ಲೇ ನೋಡಬೇಕು ಎಂಬುದು ಅವರ ನಿಯಮ. ಒಳ್ಳೆಯ ನಿಯಮವೇ. ನಾನು ಡೆಸ್ಕು ಮುಚ್ಚಿ ಮೂರನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಶೆಟ್ಟರೂ ಬಂದಿದ್ದರು.

ತಿರುವು, ಸೇತುವೆ, ಇಳಿಜಾರು, ಎಲ್ಲ ಚೆನ್ನಾಗಿ ಆಯಿತು. ಇನ್‌ಸ್ಪೆಕ್ಟರು ಎರಡು ಸಲ ತಲೆದೂಗಿದ್ದನ್ನು ನಾನು ನೋಡಿದೆ. ಜಯಪುರದ ಹತ್ತಿರದ ಆ ದೊಡ್ಡ ಏರಿನ ಅರ್ಧದಲ್ಲಿ ಅವರು “ನಿಲ್ಲಿಸಿ” ಎಂದರು. ಬಸ್ಸು ನಿಂತಿತು. “ಈಗ ಹೊರಡಿ. ಒಂದು ಗೇಣೂ ಹಿಂದಕ್ಕೆ ಬರಬಾರದು.”

ಡ್ರೈವರರು ಕನ್ನಡಿ ನೋಡಿದರು, ಗೇರು ಹಾಕಿದರು. ಬಸ್ಸು ಅಲುಗಿತು, ಒಂದು ಮಾರು ಹತ್ತಿತು, ಎಂಜಿನ್ನಿನ ಸ್ವರ ಇಳಿಯಿತು. ಇನ್ನೂ ಇಳಿಯಿತು. ನನಗೆ ಆ ಕ್ಷಣ ಪರೀಕ್ಷೆ ಎಂಬುದೇ ಮರೆತುಹೋಯಿತು. ಬಾಗಿಲಿನಿಂದ ಹಾರಿ, “ಇಳೀರೋ, ತಳ್ಳಿ” ಎಂದು ಕೂಗಿದೆ.

ಕೂಗುವುದೇ ಬೇಡವಾಗಿತ್ತು. ಎಲ್ಲರ ಕಾಲೂ ಕಾಯುತ್ತಿತ್ತು. ಇಡೀ ಬಸ್ಸಿನ ಗಂಡಸರು ಧುಮುಕಿ ಹೆಗಲು ಕೊಟ್ಟರು. ಶೆಟ್ಟರು ಪಂಚೆ ಎತ್ತಿ ಕಟ್ಟಿ ಡ್ರಮ್ಮಿನ ಪಕ್ಕವೇ ನಿಂತರು. ಬಸ್ಸು ಏರಿನ ತುದಿಯವರೆಗೆ ಸಲೀಸಾಗಿ ಹೋಯಿತು. ಮೇಲೆ ಹೋಗಿ ನಿಂತಾಗ ನಾವೆಲ್ಲ ಬೆವರೊರೆಸಿಕೊಂಡು ನಗುತ್ತಿದ್ದೆವು. ಇನ್‌ಸ್ಪೆಕ್ಟರು ಇಳಿದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಗ ನಗು ನಿಂತಿತು.

“ಬಸ್ಸು ಹತ್ತಿಸಿದ್ದು ಯಾರು?” ಎಂದು ಕೇಳಿದರು.

ಶೆಟ್ಟರು ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟರು.

“ನಾನು ಇವರ ಪರೀಕ್ಷೆಗೆ ಬಂದವನು, ನಿಮ್ಮೂರಿನ ಪರೀಕ್ಷೆಗಲ್ಲ. ಇವರಿಗೆ ಹತ್ತಿಸಲು ಬರುತ್ತದೋ ಇಲ್ಲವೋ ನಾನು ನೋಡಲೇ ಇಲ್ಲ. ಏನಂತ ಬರೆಯಲಿ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಪರೀಕ್ಷೆ ಪೂರ್ತಿಯಾಗಿಲ್ಲ, ಮುಂದಿನ ಸರ್ಕೀಟಿನಲ್ಲಿ ಎಂದು ಬರೆದುಕೊಂಡರು. ಮುಂದಿನ ಸರ್ಕೀಟು ಮಳೆಗಾಲ ಕಳೆದ ಮೇಲೆ.

ಸಂಜೆ ನಾನು ಅವರನ್ನು ಷೆಡ್ಡಿನಲ್ಲಿ ಹುಡುಕಿಕೊಂಡು ಹೋದೆ. ಚಕ್ರ ಬಿಚ್ಚುತ್ತಿದ್ದರು. “ಮೊದಲು ಇಳಿದದ್ದು ಯಾರು ಅಂತ ನೋಡಿದ್ರಾ?” ಎಂದು ಕೇಳಿದೆ. ಹೇಳಿಕೊಳ್ಳಬೇಕೆಂದೇ ಹೋಗಿದ್ದೆ, ಬಾಯಿಗೆ ಬಂದದ್ದು ಪ್ರಶ್ನೆ.

“ನನಗೆಂತ ಗೊತ್ತು, ನಾನು ಮುಂದೆ ನೋಡ್ತಾ ಇದ್ದೆ” ಎಂದರು. ಬಿಚ್ಚಿದ ನಟ್ಟನ್ನು ಪಕ್ಕಕ್ಕಿಟ್ಟು, “ಇನ್ನೊಂದು ಮಾರು ಬಿಟ್ಟಿದ್ದರೆ ಹತ್ತಿಸ್ತಿದ್ದೆ” ಎಂದರು. ನಾನು ಸುಮ್ಮನೆ ಬಂದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಆ ಮಳೆಗಾಲವನ್ನು ನಾವಿಬ್ಬರೂ ಹೇಗೆ ಕಳೆದೆವೋ. ಬಸ್ಸು ಓಡದ ದಿನಗಳಲ್ಲಿ ಅವರು ಕೊಡೆ ಹಿಡಿದು ಆ ಏರಿನವರೆಗೆ ನಡೆದು ಹೋಗಿ ನೋಡಿ ಬರುತ್ತಿದ್ದರು. ಎಂತ ನೋಡುತ್ತೀರಿ ಎಂದರೆ, “ಈ ಸಲ ಅವರು ಎಲ್ಲಿ ನಿಲ್ಲಿಸು ಅಂತ ಹೇಳಬಹುದು ಅಂತ” ಎನ್ನುತ್ತಿದ್ದರು. ನಾನು ಪರೀಕ್ಷೆಯನ್ನು ಬೇಗ ನಡೆಸಬೇಕೆಂದು ವಾರಕ್ಕೊಂದು ಅರ್ಜಿ ಬರೆದೆ, ಅವರು ಕೇಳದೆಯೇ ಬರೆದೆ. ಪರಿಶೀಲಿಸಲಾಗುವುದು ಎಂದು ಒಂದೇ ಒಂದು ಉತ್ತರ ಬಂತು. ಘಾಟಿಯ ಹಾದಿ ಜರಿದು ಟಪ್ಪಾಲು ತಡವಾಗುತ್ತಿತ್ತು. ಶ್ರಾವಣದಲ್ಲಿ ಬಂದ ಕಾಗದದಲ್ಲಿ ಹೆಂಡತಿ ಹೇಳಿ ಬರೆಸಿದ್ದಳು: ಮಗು ಈಗೀಗ ನಿಮ್ಮನ್ನು ಕೇಳುವುದಿಲ್ಲ. ಆ ಸಾಲನ್ನು ನಾನು ಓದಿ ಹೇಳಬೇಕಾಯಿತು. “ಇನ್ನೊಮ್ಮೆ ಓದಿ” ಎಂದರು. ಓದಿದೆ. ಕಾಗದ ಮಡಚಿ ಹಳೆಯ ಲೈಸೆನ್ಸಿನ ಒಳಗಿಟ್ಟುಕೊಂಡರು.

ದೀಪಾವಳಿ ಕಳೆದ ಮೇಲೆ ಅದೇ ಇನ್‌ಸ್ಪೆಕ್ಟರು ಬಂದರು. ಈ ಸಲ ಇಡೀ ಪೇಟೆಗೆ ಒಂದೇ ಎಚ್ಚರಿಕೆ: ಯಾರೂ ಇಳೀಬಾರದು. ಹೋಟೆಲಿನಲ್ಲಿ ಅದೇ ಮಾತು, ಕಟ್ಟೆಯ ಮೇಲೆ ಅದೇ ಮಾತು. ಶೆಟ್ಟರು ಬೇಕೆಂದೇ ನನ್ನ ಪಕ್ಕ ಕೂತರು. ಬಸ್ಸು ಏರಿಗೆ ತಿರುಗಿದ್ದೇ ತಮ್ಮ ಶಲ್ಯದ ಒಂದು ತುದಿಯನ್ನು ನನ್ನ ಕೈಗೆ ಸುತ್ತಿ, ಇನ್ನೊಂದು ತುದಿಯನ್ನು ಸೀಟಿನ ಕಂಬಿಗೆ ಗಂಟು ಹಾಕಿದರು. “ತಪ್ಪು ತಿಳೀಬೇಡ ಮಾರಾಯ, ನನಗೆ ನಿನ್ನ ಗುಣ ಗೊತ್ತು.”

ಅದೇ ಜಾಗ. ಅದೇ ಮಾತು, “ನಿಲ್ಲಿಸಿ.” ಮತ್ತೆ, “ಹೊರಡಿ.” ಎಂಜಿನ್ನಿನ ಸ್ವರ ಇಳಿಯಿತು. ಎದುರಿನ ಸಾಲಿನ ಗಂಡಸರೆಲ್ಲ ಸೀಟಿನ ಅಂಚು ಹಿಡಿದು, ಕಾಲುಗಳನ್ನು ನೆಲಕ್ಕೆ ಒತ್ತಿ ಕೂತಿದ್ದರು. ಬಸ್ಸು ನಿಂತೇಬಿಟ್ಟಿತು ಅನ್ನಿಸಿತು. ನನ್ನ ಕೈ ಶಲ್ಯವನ್ನು ಜಗ್ಗಿತು. ಡ್ರೈವರರು ಮಾತ್ರ ಅವಸರ ಮಾಡಲಿಲ್ಲ. ಬರಿಗಾಲಿನಿಂದ ಏನು ಕೇಳಿಸಿಕೊಂಡರೋ, ತುಸು ಬಿಟ್ಟು, ತುಸು ಒತ್ತಿ, ಸಾಯುತ್ತಿದ್ದ ಆ ಸ್ವರವನ್ನು ಮೆಲ್ಲಗೆ ಎಬ್ಬಿಸಿದರು. ಬಸ್ಸು ಹತ್ತಿತು. ಹಿಂದಕ್ಕೆ ಒಂದು ಬೆರಳೂ ಬರಲಿಲ್ಲ.

ತುದಿಯಲ್ಲಿ ಇನ್‌ಸ್ಪೆಕ್ಟರು, “ಇದನ್ನು ಮೊದಲೇ ನೋಡಲು ಬಿಟ್ಟಿದ್ದರೆ ಆಗುತ್ತಿತ್ತು” ಎಂದು ನಮ್ಮೆಲ್ಲರಿಗೂ ಸೇರಿಸಿ ಹೇಳಿದರು. ಡ್ರೈವರರು ಇಳಿದು ಬಸ್ಸಿಗೊಂದು ಸುತ್ತು ಬಂದು, ಚಕ್ರಗಳನ್ನು ಬಡಿದು, ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಕೂತರು. ಕಾಲು ಅಲುಗಲಿಲ್ಲ, ಕೈ ಅಲುಗಲಿಲ್ಲ. ಅವರು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಸ ಲೈಸೆನ್ಸು ಟಪ್ಪಾಲಿನಲ್ಲಿ ಬಂದ ದಿನವೇ ಘಟ್ಟ ಇಳಿದರು. ನಾಲ್ಕನೆಯ ದಿನ ಶೃಂಗೇರಿಯ ಕಡೆಯಿಂದ ಬಂದ ಬಸ್ಸಿನಿಂದ ಇಳಿದಾಗ ಹೆಂಡತಿಯ ಸೊಂಟದ ಮೇಲೆ ಕೂಸಿತ್ತು. ನಾವು ನಾಲ್ಕಾರು ಜನ ಕಾದು ನಿಂತಿದ್ದೆವು. ಅವರು ಎರಡೂ ಕೈ ಚಾಚಿದರು. ಕೂಸು ತಾಯಿಯ ಹೆಗಲಿಗೆ ಮುಖ ಒತ್ತಿ, “ಅಪ್ಪ ಎಲ್ಲಿ?” ಎಂದು ಅತ್ತಿತು. ಕೇಳಿದ್ದು ಸೋದರಮಾವನನ್ನು. ಆ ಮನೆಯ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಅವನನ್ನೇ ಅಪ್ಪ ಎನ್ನಲು ಕಲಿತಿತ್ತು. ಆ ಮಳೆಗಾಲದಲ್ಲಿ ಕಲಿತದ್ದು ಎಂದು ತಾಯಿ ತಲೆ ತಗ್ಗಿಸಿ ಹೇಳಿದಳು.

ಡ್ರೈವರರು ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ನಮ್ಮ ಬಸ್ಸಿನ ಕ್ಲೀನರು, “ಡ್ರೈವರ್ರೇ, ಇದ್ದಲು ಹಾಕ್ಲಾ?” ಎಂದು ಕೂಗಿದ. ಕೂಸು ಅಳು ನಿಲ್ಲಿಸಿ ಅವರನ್ನೇ ನೋಡಿತು. ಆಮೇಲೆ ಕೂಸಿನ ಬಾಯಲ್ಲಿ ಅವರಿಗೆ ಅದೇ ಹೆಸರಾಯಿತು. ತಿದ್ದಲು ಹೋದವರಿಗೆ ಅವರು, “ಬಿಡಿ, ಬಲವಂತ ಮಾಡಬಾರದು. ಅವಳ ಪರೀಕ್ಷೆ ಇನ್ನೂ ಮುಗೀಲಿಲ್ಲ” ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಕೇಳಿಸಿಕೊಂಡಾಗಲೆಲ್ಲ ನನಗೆ ಎದ್ದು ಹೋಗಬೇಕೆನಿಸುತ್ತಿತ್ತು.

ಮೊನ್ನೆ, ನಾನು ಹೇಳಿದ ದಿನಕ್ಕೆ ಸರಿಯಾಗಿ ಅವಳು ಬಂದಳು. ಅರ್ಜಿ ಮುಂದಿಟ್ಟುಕೊಂಡೆ, ಪೆನ್ನು ತೆಗೆಯಲಿಲ್ಲ. “ಕೂಸೇ, ನಿನಗೊಂದು ಹೇಳ್ಬೇಕು. ಮೊದಲನೇ ಪರೀಕ್ಷೆಯಲ್ಲಿ ಬಸ್ಸಿನಿಂದ ಮೊದಲು ಹಾರಿದವ ನಾನು” ಎಂದೆ.

“ಗೊತ್ತು ಅರ್ಜಿ ಮಾವ.”

“ಯಾರು ಹೇಳಿದ್ದು? ಶೆಟ್ಟರಾ?”

“ಡ್ರೈವರ್ರೇ ಹೇಳಿದ್ರು. ಕನ್ನಡಿಯಲ್ಲಿ ಕಂಡಿತ್ತಂತೆ.”

ಆ ಕನ್ನಡಿಯನ್ನು ನಾನು ಇಷ್ಟು ವರ್ಷ ನೆನೆಯದೇ ಇದ್ದೆನಲ್ಲ. “ನನ್ನ ಮೇಲೆ ಸಿಟ್ಟಿರಲಿಲ್ವಾ?” ಎಂದು ಕೇಳಿದೆ.

“ಇತ್ತಂತೆ. ಆ ಮಳೆಗಾಲ ಪೂರ್ತಿ ಇತ್ತಂತೆ. ಆಮೇಲೆ ಹೇಳ್ತಿದ್ರು, ‘ನೀನು ಬಂದ ಮೇಲೆ ಹೋಯ್ತು ಮಗಾ. ಯಾರು ಕೇಳ್ತಾರೆ ಅಂತ ಹೇಳಿಸಿಕೊಂಡು ಬಂದ ರಾಜ್ಯದಲ್ಲಿ ನನಗೋಸ್ಕರ ಒಬ್ಬ ಓಡುವ ಬಸ್ಸಿನಿಂದ ಹಾರಿದ. ಅವನ ಹತ್ರ ಎಂತ ಜಗಳ’ ಅಂತ.”

ಸ್ವಲ್ಪ ಹೊತ್ತು ನನ್ನ ಕಣ್ಣಿಗೆ ಅಕ್ಷರ ಕಾಣಲಿಲ್ಲ. ಅವಳೇ ನೀರು ತಂದುಕೊಟ್ಟಳು. ಆಮೇಲೆ ಬರೆಯಲು ಶುರುಮಾಡಿದೆ. ಮೃತರ ಹೆಸರು, ವಯಸ್ಸು, ಊರು, ಕಸುಬು. ಯಾವುದನ್ನೂ ಕೇಳಬೇಕಾಗಿರಲಿಲ್ಲ. ಒಂದು ಕಾಲಮಿನಲ್ಲಿ ಮಾತ್ರ ಪೆನ್ನು ನಿಂತಿತು. ಮೃತರು ಅರ್ಜಿದಾರರಿಗೆ ಏನಾಗಬೇಕು? ತಂದೆ ಎಂದು ಬರೆಯುವುದು ಕಚೇರಿಯ ರೂಢಿ, ಜನ್ಮವಿಡೀ ಹಾಗೆಯೇ ಬರೆದಿದ್ದೇನೆ. ಆದರೂ ತಲೆಯೆತ್ತಿ, “ಇಲ್ಲಿ ಎಂತ ಬರೀಲೇ?” ಎಂದೆ.

ಅವಳು ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು. “ಅಪ್ಪ ಅಂತ ಬರೀರಿ” ಎಂದಳು.

ಆ ಮಾತನ್ನು ಅವಳ ಬಾಯಲ್ಲಿ, ಅವರಿಗಾಗಿ, ನಾನು ಕೇಳಿದ್ದು ಅದೇ ಮೊದಲು. ಹೇಳಿದ ಹಾಗೆಯೇ ಬರೆದೆ, ದೊಡ್ಡ ಅಕ್ಷರದಲ್ಲಿ ಬರೆದೆ. ಕಚೇರಿಯವರು ತಂದೆ ಎಂದು ತಿದ್ದಿ ತನ್ನಿ ಎಂದರೆ ಅವಳು ತಿದ್ದುವುದು ಬೇಡ. ನಾನೇ ಹೋಗಿ ಅವರ ಹತ್ತಿರ ಮಾತಾಡುತ್ತೇನೆ.